ಖಾಲಿ ಡಬ್ಬ ವಾಪಸ್ ಕೊಡಬಾರದು



ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ನಡೆದ ನಮ್ಮ ಯುವ ಘಟಕದ ಸಭೆಯಲ್ಲಿ ಒಂದು ಸಲಹೆ ಬಂತು. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ತನಕ ಧರ್ಮಸಭೆ ಆಚರಿಸುವ ಸೃಷ್ಟಿಯ ಕಾಲದಲ್ಲಿ, ಪ್ರತಿ ಮನೆಯವರೂ ಅಡುಗೆಮನೆಯ ಹಳೆಯ ಪ್ಲಾಸ್ಟಿಕ್ ಡಬ್ಬಗಳನ್ನೆಲ್ಲ ಇಗರ್ಜಿಯ ಅಂಗಳಕ್ಕೆ ತಂದು ಒಪ್ಪಿಸಬೇಕು, ಹೆಚ್ಚು ತಂದ ವಾರ್ಡಿಗೆ ಬಹುಮಾನ ಕೊಡಬೇಕು ಎಂದು. ಹೆಚ್ಚಿನವರು ಕೈ ಎತ್ತಿದರು. ನಾನು ಎತ್ತಲಿಲ್ಲ. ಯಾಕೆ ಎಂದು ಕೇಳಿದಾಗ ಸರಿಯಾಗಿ ಉತ್ತರ ಹೇಳಲು ಬರಲಿಲ್ಲ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಮುಂದಿನ ಸಭೆಯ ಮೊದಲು ದಯವಿಟ್ಟು ಓದಿ.

ನಮ್ಮ ಕಾಸರಗೋಡಿನ ಕಡೆ ಯಾರ ಮನೆಯ ಅಡುಗೆಕೋಣೆಗೆ ಹೋದರೂ ಈ ಡಬ್ಬಗಳು ಕಾಣಸಿಗುತ್ತವೆ. ಒಂದು ಲೀಟರಿನ ಐಸ್‌ಕ್ರೀಮ್ ಡಬ್ಬದಲ್ಲಿ ಒಣ ಸಿಗಡಿ. ಗಲ್ಫಿನಿಂದ ಚಿಕ್ಕಪ್ಪ ತಂದ ಟ್ಯಾಂಗ್ ಡಬ್ಬದಲ್ಲಿ ಕೊತ್ತಂಬರಿ. ಬೂಸ್ಟ್ ಡಬ್ಬದಲ್ಲಿ ಉದ್ದಿನಬೇಳೆ, ತುಪ್ಪದ ಡಬ್ಬದಲ್ಲಿ ಸೂಜಿ, ನೂಲು, ಅಂಗಿಯ ಗುಂಡಿ. ಚಿಕ್ಕವರಿದ್ದಾಗ ಫ್ರಿಜ್ಜಿನಲ್ಲಿ ಐಸ್‌ಕ್ರೀಮ್ ಡಬ್ಬ ಕಂಡು, ಖುಷಿಯಿಂದ ಮುಚ್ಚಳ ತೆಗೆದು, ಒಳಗೆ ಮೀನಿಗೆ ಅರೆದಿಟ್ಟ ಮಸಾಲೆ ನೋಡಿ ಮುಖ ಸಪ್ಪೆ ಮಾಡದವರು ನಮ್ಮಲ್ಲಿ ಯಾರಿದ್ದಾರೆ?

ಅಜ್ಜಿಯ ಕಾಲದಲ್ಲಿ ಉಪ್ಪಿನಕಾಯಿಗೆ ಭರಣಿ, ಉಪ್ಪಿಗೆ ಮರದ ಮರಿಗೆ, ಕಟ್ಟಿ ಕೊಡಲು ಬಾಳೆಎಲೆ ಇತ್ತು. ಭರಣಿ ಕೈಜಾರಿದರೆ ಒಡೆಯುತ್ತಿತ್ತು. ಸ್ಟೀಲ್ ಡಬ್ಬ ಕೊಳ್ಳಲು ಎಲ್ಲರಲ್ಲಿ ಹಣ ಇರಲಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಆಷಾಢದಲ್ಲಿ ಹಪ್ಪಳ ಮೆತ್ತಗಾಗದಂತೆ, ಸಕ್ಕರೆಗೆ ಇರುವೆ ಮುತ್ತದಂತೆ ಕಾಯುವುದೇ ಒಂದು ಕೆಲಸ. ಅಂಥ ಮನೆಗಳಿಗೆ, ಕೊಂಡ ಸಾಮಾನಿನ ಜತೆ ಪುಕ್ಕಟೆಯಾಗಿ, ಬಿಗಿ ಮುಚ್ಚಳದ, ಬಿದ್ದರೂ ಒಡೆಯದ ಒಂದು ಡಬ್ಬ ಬಂತು ಎಂದರೆ ಅದನ್ನು ಯಾರು ಎಸೆಯುತ್ತಾರೆ? ತೊಳೆದು, ಬಿಸಿಲಿಗಿಟ್ಟು, ಮತ್ತೆ ಬಳಸಿದರು. ನಮ್ಮ ಅಮ್ಮಂದಿರು ಪರಿಸರದ ಬಗ್ಗೆ ಭಾಷಣ ಕೇಳಿ ಹಾಗೆ ಮಾಡಿದ್ದಲ್ಲ. ಕೆಲಸಕ್ಕೆ ಬರುವುದನ್ನು ಎಸೆಯಬಾರದು ಎಂಬುದು ಅವರಿಗೆ ಅಭ್ಯಾಸವಾಗಿತ್ತು, ಅಷ್ಟೆ.

ಈಗ ನನ್ನ ಕಥೆ. ಎರಡು ವರ್ಷದ ಹಿಂದಿನ ತಪಸ್ಸುಕಾಲದಲ್ಲಿ ನನಗೆ ‘ಪ್ಲಾಸ್ಟಿಕ್ ಉಪವಾಸ’ ಮಾಡುವ ಹುಮ್ಮಸ್ಸು ಬಂದಿತ್ತು. ಒಂದು ಶನಿವಾರ ಅಮ್ಮ ಮದುವೆಗೆ ಹೋಗಿದ್ದಾಗ ಅಟ್ಟ, ಕಪಾಟು ಎಲ್ಲ ಹುಡುಕಿ 43 ಡಬ್ಬಗಳನ್ನು ಹೊರಗೆ ತೆಗೆದೆ. ಎರಡು ದಿನ ಬಿಟ್ಟು ಹರಿತ ಕರ್ಮ ಸೇನೆಯ ಅಕ್ಕಂದಿರು ಬಂದಾಗ ಎಲ್ಲವನ್ನೂ ಎರಡು ಗೋಣಿಯಲ್ಲಿ ತುಂಬಿ ಕೊಟ್ಟೆ. ಅವರಲ್ಲೊಬ್ಬರು ಒಂದು ಡಬ್ಬವನ್ನು ಕೈಯಲ್ಲಿ ತಿರುಗಿಸಿ ನೋಡಿ ಮಲಯಾಳದಲ್ಲಿ ಕೇಳಿದರು: “ಇದು ಚೆನ್ನಾಗಿಯೇ ಇದೆಯಲ್ಲ, ನಾನು ಇಟ್ಟುಕೊಳ್ಳಲಾ?” ನಾನು ದೊಡ್ಡ ಉದಾರಿಯಂತೆ ತಲೆಯಾಡಿಸಿದೆ. ಅವರ ಪ್ರಶ್ನೆಯಲ್ಲೇ ನನಗೊಂದು ಪಾಠ ಇತ್ತು. ಆಗ ತಿಳಿಯಲಿಲ್ಲ.

ಅಮ್ಮ ಬೈಯಲಿಲ್ಲ. ಕಪಾಟು ತೆರೆದು ನೋಡಿ, “ಎಲ್ಲ ನಮ್ಮದೇ ಆಗಿತ್ತಾ ಮಗಾ?” ಎಂದು ಮಾತ್ರ ಕೇಳಿದರು.

ಆ ಪ್ರಶ್ನೆ ನನಗೆ ಅರ್ಥವಾದದ್ದು ಮುಂದಿನ ವಾರ. ಬೇಲಿಯ ಆಚೆ ಮನೆಯ, ನಾವೆಲ್ಲ ಉಮ್ಮ ಎಂದೇ ಕರೆಯುವ ಹಿರಿಯರು ಬಂದು, “ನನ್ನ ಹಸಿರು ಮುಚ್ಚಳದ ಡಬ್ಬ ಉಂಟಾ ಬಾಯಮ್ಮ?” ಎಂದು ಕೇಳಿದರು. ಇರಲಿಲ್ಲ. ಆ 43ರಲ್ಲಿ ಕನಿಷ್ಠ ಆರು ನಮ್ಮವಾಗಿರಲಿಲ್ಲ ಎಂದು ಆಮೇಲೆ ಅಮ್ಮ ಲೆಕ್ಕ ಹೇಳಿದರು. ಎರಡು ಉಮ್ಮನದು, ಒಂದು ಗುಡ್ಡೆಯ ಮೇಲಿನ ಭಟ್ಟರ ಮನೆಯದು, ಉಳಿದವು ನಮ್ಮದೇ ವಾರ್ಡಿನವರದು. ಅವುಗಳ ಮೇಲೆ ಹೆಸರಿರಲಿಲ್ಲ. ಸ್ಟೀಲ್ ಪಾತ್ರೆಗೆ ಅಂಗಡಿಯಲ್ಲಿ ಹೆಸರು ಕೆತ್ತಿಸುತ್ತಾರೆ, ಪ್ಲಾಸ್ಟಿಕ್ ಡಬ್ಬಕ್ಕೆ ಯಾರು ಕೆತ್ತಿಸುತ್ತಾರೆ? ಆದರೆ ಯಾವುದು ಯಾರದು ಎಂದು ಹೆಂಗಸರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬ.

ಆ ಡಬ್ಬಗಳು ಎಷ್ಟು ತಿರುಗಾಡಿದ್ದವು ಎಂದು ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಕ್ರಿಸ್ಮಸ್‌ಗೆ ನಮ್ಮ ಕುಸ್ವಾರ್, ಅಂದರೆ ನೆವ್ರಿ, ಕಿಡಿಯೊ, ಗುಳಿಯೊ, ಅವರ ಮನೆಗೆ ಹೋಗುತ್ತಿತ್ತು. ಚೌತಿಗೆ ಭಟ್ಟರ ಮನೆಯ ಪಂಚಕಜ್ಜಾಯ ಅದೇ ಡಬ್ಬದಲ್ಲಿ ಬರುತ್ತಿತ್ತು. ಪೆರ್ನಾಲಿಗೆ ಉಮ್ಮನ ಮನೆಯ ತಿಂಡಿ ಬರುತ್ತಿತ್ತು. ಹಬ್ಬ ಇಲ್ಲದ ದಿನಗಳಲ್ಲೂ ಹಲಸಿನ ತೊಳೆ, ನುಗ್ಗೆ ಸೊಪ್ಪು, ನಾಲ್ಕು ಮೊಟ್ಟೆ. ಒಂದೇ ನಿಯಮ: ಖಾಲಿ ಡಬ್ಬ ವಾಪಸ್ ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಹಾಗಾಗಿ ಯಾರ ಲೆಕ್ಕವೂ ಎಂದೂ ಪೂರ್ತಿ ಚುಕ್ತಾ ಆಗುತ್ತಿರಲಿಲ್ಲ. ಯಾರಾದರೊಬ್ಬರ ಡಬ್ಬ ಯಾರದಾದರೂ ಮನೆಯಲ್ಲಿ ಇದ್ದೇ ಇರುತ್ತಿತ್ತು. ಆದ್ದರಿಂದ ಹೋಗಲೇಬೇಕಿತ್ತು, ಹೋದ ಮೇಲೆ ಕುಳಿತು ಮಾತಾಡಲೇಬೇಕಿತ್ತು.

ಆ ವರ್ಷದ ಕ್ರಿಸ್ಮಸ್‌ಗೆ ಕುಸ್ವಾರ್ ಹಂಚಲು ಮನೆಯಲ್ಲಿ ಡಬ್ಬ ಇರಲಿಲ್ಲ. ನಾನೇ ಪೇಟೆಗೆ ಹೋಗಿ ತೆಳುವಾದ, ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ತಂದೆ. ಎಷ್ಟು ಗೊತ್ತೇ? 60. ನೋಡಲು ಚೆಂದ ಇದ್ದವು, ಮೇಲೆ ನಕ್ಷತ್ರದ ಸ್ಟಿಕ್ಕರ್ ಬೇರೆ. “ಡಬ್ಬ ವಾಪಸ್ ಬೇಡ” ಎಂದು ಹೇಳಿ ಹೇಳಿ ಕೊಟ್ಟು ಬಂದೆ. ಯಾರೂ ವಾಪಸ್ ತರಲಿಲ್ಲ. ತರಲು ಕಾರಣವೇ ಇರಲಿಲ್ಲ. ಜನವರಿಯ ಒಂದು ಸಂಜೆ ದಾರಿ ಬದಿಯ ತೆಂಗಿನ ಬುಡದಲ್ಲಿ ಯಾರೋ ಕಸಕ್ಕೆ ಬೆಂಕಿ ಹಾಕಿದ್ದರು. ಅದರಲ್ಲಿ ನಕ್ಷತ್ರದ ಸ್ಟಿಕ್ಕರ್ ಇದ್ದ ಎರಡು ಮುಚ್ಚಳ ಕಂಡೆ. ಪ್ಲಾಸ್ಟಿಕ್ ಸುಟ್ಟ ಆ ವಾಸನೆ ನನ್ನ ಉಪವಾಸದ ಫಲ.

ಲೆಕ್ಕ ನೀವೇ ಹಾಕಿ. ಹೊರಗೆ ಹಾಕಿದ್ದು 43, ಅದೂ ಹತ್ತು ಹದಿನೈದು ವರ್ಷ ಕೆಲಸ ಮಾಡುತ್ತಿದ್ದವು. ಒಳಗೆ ತಂದದ್ದು 60, ಅವು ಮೂರು ವಾರವೂ ಬಾಳಲಿಲ್ಲ. ಕಪಾಟಿನಲ್ಲಿ ಕುಳಿತಿರುವ ಡಬ್ಬ ಹೊಳೆಗೆ ಹೋಗುವುದಿಲ್ಲ, ಹಸುವಿನ ಹೊಟ್ಟೆಗೆ ಹೋಗುವುದಿಲ್ಲ. ಅದನ್ನು ಮಾಡಲು ಬೇಕಾದ ತೈಲ, ವಿದ್ಯುತ್ತು ಎಂದೋ ಖರ್ಚಾಗಿದೆ. ಅದನ್ನು ಬಿಸಾಡಿದರೆ ಆ ಖರ್ಚು ವಾಪಸ್ ಬರುವುದಿಲ್ಲ, ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಕೇರಳ ಸರ್ಕಾರ 2020ರ ಜನವರಿ 1ರಿಂದ, ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ತಂದ ನಿಷೇಧಗಳ ಗುರಿಯೂ ಒಮ್ಮೆ ಬಳಸಿ ಎಸೆಯುವ ವಸ್ತುಗಳೇ. ಅಮ್ಮನ ಉದ್ದಿನಬೇಳೆಯ ಡಬ್ಬ ಆ ಪಟ್ಟಿಯಲ್ಲಿಲ್ಲ. ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಖಂಡಿಸಿದ್ದೂ ಎಸೆಯುವ ಸಂಸ್ಕೃತಿಯನ್ನು. ಒಂದು ವಸ್ತುವನ್ನು ತಕ್ಷಣ ಬಿಸಾಡದೆ ಸರಿಯಾದ ಮನಸ್ಸಿನಿಂದ ಮತ್ತೆ ಬಳಸುವುದು ಪ್ರೀತಿಯ ಕೆಲಸವಾಗಬಹುದು ಎಂಬ ಅರ್ಥದ ಮಾತೂ ಅದರಲ್ಲಿದೆ. ಹಾಗಿರುವಾಗ ಎಸೆಯುವ ಸ್ಪರ್ಧೆಯಿಂದಲೇ ನಾವು ಸೃಷ್ಟಿಯ ಕಾಲವನ್ನು ಆರಂಭಿಸುವುದೇ?

ಅರಸುಗಳ ಎರಡನೇ ಗ್ರಂಥದ 4ನೇ ಅಧ್ಯಾಯ ನೆನಪಿಸಿಕೊಳ್ಳಿ. ಸಾಲಗಾರ ಮಕ್ಕಳನ್ನು ಜೀತಕ್ಕೆ ಒಯ್ಯಲು ಬಂದಿದ್ದಾನೆ, ವಿಧವೆಯ ಮನೆಯಲ್ಲಿ ಸ್ವಲ್ಪ ಎಣ್ಣೆ ಬಿಟ್ಟರೆ ಏನೂ ಇಲ್ಲ. ಪ್ರವಾದಿ ಎಲೀಷ ಆಕೆಗೆ ಹೇಳುವುದು, ನೆರೆಹೊರೆಯವರಿಂದ ಖಾಲಿ ಪಾತ್ರೆಗಳನ್ನು ಕೇಳಿ ತಾ, ಬೇಕಾದಷ್ಟು ತಾ ಎಂದು. ಎಣ್ಣೆ ಪಾತ್ರೆಗಳನ್ನೆಲ್ಲ ತುಂಬಿತು, ಪಾತ್ರೆ ಮುಗಿದಾಗ ನಿಂತಿತು. ಈ ಭಾಗವನ್ನು ಎಷ್ಟೋ ಸಲ ಕೇಳಿದ್ದೆ, ಎಣ್ಣೆಯನ್ನು ಮಾತ್ರ ಗಮನಿಸಿದ್ದೆ. ಪಾತ್ರೆಗಳು ಪಕ್ಕದ ಮನೆಯವರದು ಎಂಬುದು ಉಮ್ಮ ಡಬ್ಬ ಕೇಳಿದ ಮೇಲೆ ನನಗೆ ಕಂಡಿತು. ಆ ಬೀದಿಯಲ್ಲಿ ಕೇಳಿದರೆ ಕೊಡುವ ನೆರೆಯವರು ಇರದಿದ್ದರೆ?

ಹಾಗೆಂದು ಹಳೆಯದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಮುಖ್ಯವಾದ ಎರಡು ಮಾತು ಹೇಳಲೇಬೇಕು.

ಮೊದಲನೆಯದು ಆರೋಗ್ಯ. ಡಬ್ಬದ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕೆ ಇರುತ್ತದೆ. 5 ಎಂದರೆ ಪಾಲಿಪ್ರೊಪಿಲೀನ್, 2 ಎಂದರೆ ಗಟ್ಟಿ ಪಾಲಿಥೀನ್. ಒಣ ಸಾಮಾನು ಇಡಲು ಇವು ಬಾಳಿಕೆ ಬರುವಂಥವು. 1 ಎಂದರೆ ನೀರಿನ ಬಾಟಲಿಯ ಪೆಟ್, ಬಿಸಿ ತಾಗಿದರೆ ಸೊಟ್ಟಗಾಗುತ್ತದೆ. ಯಾವ ಅಂಕೆಯದಾದರೂ ಹಳೆಯ ಡಬ್ಬಕ್ಕೆ ಕುದಿಯುವ ಸಾರು, ಬಿಸಿ ಎಣ್ಣೆ, ಹುಳಿ ಉಪ್ಪಿನಕಾಯಿ ಹಾಕಬೇಡಿ, ಮೈಕ್ರೋವೇವ್‌ನಲ್ಲಿ ಇಡಬೇಡಿ. ಬಿಸಿ ಮತ್ತು ಎಣ್ಣೆ ಸೇರಿದಾಗ ಪ್ಲಾಸ್ಟಿಕ್‌ನಲ್ಲಿರುವ ರಾಸಾಯನಿಕಗಳು ಆಹಾರಕ್ಕೆ ಇಳಿಯುವುದು ಹೆಚ್ಚು. ಹಿಂದಿನ ಕಾಲದ ಗಾಢ ಹಳದಿ, ಕೆಂಪು ಪ್ಲಾಸ್ಟಿಕ್‌ಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುವ ಬಣ್ಣ ಬಳಸುತ್ತಿದ್ದುದೂ ಉಂಟು. ಅಂಥವಕ್ಕೆ ಸೂಜಿ, ನೂಲು, ಮೊಳೆ ಹಾಕಿ ಇಡಿ. ಬಿರುಕು ಬಿಟ್ಟದ್ದು, ಒಳಗೆ ಗೀರು ತುಂಬಿದ್ದು, ಮುಟ್ಟಿದರೆ ಅಂಟಂಟಾಗುವುದು, ಎಷ್ಟು ತೊಳೆದರೂ ವಾಸನೆ ಹೋಗದ್ದು ಇದ್ದರೆ ಅದರ ಕಾಲ ಮುಗಿದಿದೆ. ಮಮಕಾರ ಬಿಟ್ಟು, ತೊಳೆದು ಒಣಗಿಸಿ ಹರಿತ ಕರ್ಮ ಸೇನೆಗೆ ಕೊಡಿ.

ಎರಡನೆಯದು, ತೊಳೆಯುವವರು ಯಾರು ಎಂಬುದು. ಹಳೆಯ ಡಬ್ಬಗಳ ಸವಿನೆನಪು ಬರೆಯುವುದು ನನ್ನಂಥ ಹುಡುಗರಿಗೆ ಸುಲಭ. ಎಣ್ಣೆ ಜಿಡ್ಡು ಹಿಡಿದ ಡಬ್ಬವನ್ನು ಬೂದಿ ಹಾಕಿ, ಮುಚ್ಚಳದ ಅಂಚಿಗೆ ಬೆರಳು ಹಾಕಿ ತಿಕ್ಕಿದವರು ಅಮ್ಮಂದಿರು, ಅಕ್ಕಂದಿರು. ಎಸೆಯುವ ಪೆಟ್ಟಿಗೆ ತಂದಾಗ ಅವರಲ್ಲಿ ಕೆಲವರಿಗೆ ನಿರಾಳ ಆದದ್ದೂ ನಿಜ, ಅವರನ್ನು ದೂರುವಂತಿಲ್ಲ. ಡಬ್ಬಗಳು ಉಳಿಯಬೇಕು ಎಂದು ವಾದ ಮಾಡುವ ಗಂಡುಮಕ್ಕಳು ಸಿಂಕಿನ ಎದುರು ನಿಲ್ಲಬೇಕು. ನಾನು ಈಗ ನಿಲ್ಲುತ್ತೇನೆ. ತಡವಾಗಿ ಕಲಿತೆ, ಆದರೂ ಕಲಿತೆ.

ಆದ್ದರಿಂದ ಮುಂದಿನ ಸಭೆಗೆ ನನ್ನ ಬದಲಿ ಸಲಹೆ ಹೀಗಿದೆ. ಸಂಗ್ರಹ ಇರಲಿ, ಆದರೆ ಒಡೆದದ್ದು, ಹಾಳಾದದ್ದು ಮಾತ್ರ. ಹೆಚ್ಚು ತಂದವರಿಗೆ ಬಹುಮಾನ ಬೇಡ. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಪಾಯಸಕ್ಕೆ ಪ್ರತಿಯೊಬ್ಬರೂ ಮನೆಯಿಂದಲೇ ಸ್ಟೀಲ್ ಲೋಟ ತರಲಿ, ಎಸೆಯುವ ಲೋಟಗಳನ್ನು ತರಿಸುವುದೇ ಬೇಡ. ಪೂಜೆಯ ನಂತರ ಇಗರ್ಜಿಯ ಜಗಲಿಯಲ್ಲಿ ಒಂದು ಮೇಜು ಹಾಕೋಣ. ನಮ್ಮ ಮನೆಯಲ್ಲಿ ಉಳಿದಿರುವ ಬೇರೆಯವರ ಡಬ್ಬಗಳನ್ನು ಅಲ್ಲಿ ತಂದಿಡೋಣ, ಯಾರದು ಎಂದು ಗುರುತಿಸಿದವರು ಒಯ್ಯಲಿ. ಭಟ್ಟರ ಮನೆಯದು, ಉಮ್ಮನ ಮನೆಯದು ಇದ್ದರೆ ನಾವೇ ನಡೆದು ಹೋಗಿ ಕೊಟ್ಟು ಬರೋಣ. ಖಾಲಿ ಕೊಡಬಾರದು ಎಂಬ ನಿಯಮ ಅಲ್ಲೂ ಇರಲಿ.

ಉಮ್ಮನಿಗೆ ಆ ಹಸಿರು ಮುಚ್ಚಳದ ಡಬ್ಬ ವಾಪಸ್ ಕೊಡಲು ನನ್ನಿಂದ ಆಗುವುದಿಲ್ಲ. ಅಮ್ಮ ಒಂದು ಹೊಸ ಸ್ಟೀಲ್ ಡಬ್ಬ ಒಯ್ದು ಕೊಟ್ಟು ಕ್ಷಮೆ ಕೇಳಿದರು. ಉಮ್ಮ ನಕ್ಕು ತೆಗೆದುಕೊಂಡರು. ಆದರೆ ಒಂದು ವರ್ಷ ನಮ್ಮಿಬ್ಬರ ಮನೆಗಳ ನಡುವೆ ಏನೂ ಓಡಾಡಲಿಲ್ಲ. ಸಿಟ್ಟಿನಿಂದಲ್ಲ, ಯಾರ ಡಬ್ಬವೂ ಯಾರಲ್ಲೂ ಇರಲಿಲ್ಲ, ಅಷ್ಟೆ. ಕಳೆದ ಕ್ರಿಸ್ಮಸ್‌ಗೆ ನಾನು ಉಳಿದಿದ್ದ ಒಂದು ಐಸ್‌ಕ್ರೀಮ್ ಡಬ್ಬದಲ್ಲಿ ಕಿಡಿಯೊ ತುಂಬಿ ಒಯ್ದೆ. “ಡಬ್ಬ ವಾಪಸ್ ಬೇಕು ಉಮ್ಮ” ಎಂದು ಹೇಳಿಯೇ ಕೊಟ್ಟೆ. ಹೊಸ ವರ್ಷದ ಮರುದಿನ ಅದು ಬಂತು, ಒಳಗೆ ನಾಲ್ಕು ಮೊಟ್ಟೆ ಇತ್ತು.