ಹಳೇ ಕಾರಿನ ದಪ್ಪ ತಗಡು ಜೀವ ಉಳಿಸುತ್ತದೆಯೇ? ವೋಲ್ವೊದ ಎರಡು ಕಾರುಗಳ ಕಥೆ

‘ಈಗಿನ ಕಾರುಗಳೆಲ್ಲ ಬರೀ ಡಬ್ಬಾ, ಹಳೇ ಗಾಡಿಗಳೇ ಗಟ್ಟಿ’. ನಜ್ಜುಗುಜ್ಜಾದ ಹೊಸ ಕಾರಿನ ಫೋಟೊ ಜೊತೆ ಇಂಥ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನಿಜವೇ? ಗಟ್ಟಿತನಕ್ಕೆ ಹೆಸರಾದ ಸ್ವೀಡನ್ನಿನ ವೋಲ್ವೊ ಕಂಪನಿಯ ಎರಡು ಹಳೇ ಕಾರುಗಳನ್ನು ಹೋಲಿಸಿ ನೋಡೋಣ. ಕಲಬುರಗಿಯಲ್ಲಿ ವೋಲ್ವೊ ಎಂದರೆ ಬಸ್ಸೇ ನೆನಪಾಗುತ್ತದೆ. ಆದರೆ 1927ರಲ್ಲಿ ಕಂಪನಿ ಶುರುವಾದದ್ದು ಕಾರಿನಿಂದ.

ಮೊದಲನೆಯದು ಪಿವಿ544. 1958ರಿಂದ 1965ರವರೆಗೆ ತಯಾರಾಯಿತು. ಎರಡೇ ಬಾಗಿಲು, ಗುಂಡಗಿನ ಬೆನ್ನು. ವಿನ್ಯಾಸ 1940ರ ದಶಕದ್ದು. ಎರಡನೆಯದು 1956ರಿಂದ 1970ರವರೆಗೆ ಬಂದ ಅಮೆಜಾನ್ (ಆನ್‌ಲೈನ್ ಅಂಗಡಿಗೂ ಇದಕ್ಕೂ ಸಂಬಂಧವಿಲ್ಲ). ಮೊದಲು ಬಂದದ್ದೇ ನಾಲ್ಕು ಬಾಗಿಲಿನ ಮಾದರಿ, ಮನೆಮಂದಿಗೆ ಅನುಕೂಲ.

1965ರಲ್ಲಿ ಕೀನ್ಯಾದ ಜೋಗಿಂದರ್ ಸಿಂಗ್ ತಮ್ಮ ಸಹೋದರ ಜಸ್ವಂತ್ ಸಿಂಗ್ ಜೊತೆ ಈಸ್ಟ್ ಆಫ್ರಿಕನ್ ಸಫಾರಿ ರ‍್ಯಾಲಿ ಗೆದ್ದದ್ದು ಒಂದು ಸೆಕೆಂಡ್ ಹ್ಯಾಂಡ್ ಪಿವಿ544ನಲ್ಲಿ! ಕೆಟ್ಟ ರಸ್ತೆಗಾದರೆ ನನ್ನ ಮತ ಪಿವಿಗೇ.

ಆದರೆ ಕೆಟ್ಟ ರಸ್ತೆಯನ್ನು ತಾಳಿಕೊಳ್ಳುವುದು ಬೇರೆ, ಡಿಕ್ಕಿಯಾದಾಗ ಒಳಗಿದ್ದವರನ್ನು ಉಳಿಸುವುದು ಬೇರೆ. ಫಾರ್ವರ್ಡ್ ಎಡವುವುದು ಇಲ್ಲೇ. ಡಿಕ್ಕಿಯಾದಾಗ ಕಾರು ನಿಲ್ಲುತ್ತದೆ, ನಮ್ಮ ಮೈ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಹೊಸ ಕಾರುಗಳ ಮುಂಭಾಗ ಬೇಕೆಂದೇ ಮಡಚಿಕೊಳ್ಳುವಂತೆ ಮಾಡಿರುತ್ತಾರೆ. ಹೊಡೆತದ ಶಕ್ತಿ ಅಲ್ಲಿ ಖರ್ಚಾಗಿ, ಜನ ಕೂರುವ ಜಾಗ ಉಳಿಯುತ್ತದೆ. ಫೋಟೊದಲ್ಲಿ ಕಾಣುವ ನಜ್ಜುಗುಜ್ಜು ಹೆಚ್ಚಾಗಿ ಈ ಕೆಲಸದ್ದೇ. 2009ರಲ್ಲಿ ಅಮೆರಿಕದಲ್ಲಿ 1959ರ ಶೆವ್ರೊಲೆ ಬೆಲ್ ಏರ್ ಮತ್ತು 2009ರ ಶೆವ್ರೊಲೆ ಮಾಲಿಬು ಕಾರುಗಳನ್ನು ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ ಎದುರುಬದುರು ಗುದ್ದಿಸಿ ನೋಡಿದರು. ಹಳೆಯದರಲ್ಲಿ ಚಾಲಕ ಕೂರುವ ಜಾಗವೇ ಕುಸಿಯಿತು. ಹೊಸದರಲ್ಲಿ ಅದು ಹಾಗೇ ಉಳಿಯಿತು.

ಹಾಗಾದರೆ ವೋಲ್ವೊಗೆ ಸುರಕ್ಷತೆಯ ಹೆಸರು ಬಂದದ್ದು ಹೇಗೆ? ದೊಡ್ಡ ಪಾಲು ಒಂದು ಪಟ್ಟಿಯದ್ದು. ವಿಮಾನದಿಂದ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಸೀಟುಗಳ ಮೇಲೆ ಕೆಲಸ ಮಾಡಿದ್ದ ಎಂಜಿನಿಯರ್ ನಿಲ್ಸ್ ಬೋಲಿನ್, ಎದೆ ಮತ್ತು ಸೊಂಟವನ್ನು ಒಟ್ಟಿಗೆ ಹಿಡಿಯುವ ಸೀಟ್ ಬೆಲ್ಟ್ ರೂಪಿಸಿದರು. ಅದನ್ನು ಹೊತ್ತ ಮೊದಲ ಪಿವಿ544, 1959ರ ಆಗಸ್ಟ್ 13ರಂದು ಡೀಲರ್ ಕೈ ಸೇರಿತು. ಅದೇ ವರ್ಷ ಅಮೆಜಾನ್‌ಗೂ ಬಂತು. ಪೇಟೆಂಟ್ ಇದ್ದರೂ ಬೇರೆ ಕಂಪನಿಗಳು ಬಳಸಿಕೊಳ್ಳಲು ವೋಲ್ವೊ ಬಿಟ್ಟುಕೊಟ್ಟಿತು. ನಿಮ್ಮ ಕಾರಿನಲ್ಲಿರುವುದೂ ಅದರ ಸಂತತಿಯೇ.

‘ಕಲಬುರಗಿಯಿಂದ ಇಲ್ಲೇ ಕಮಲಾಪುರಕ್ಕೆ ತಾನೇ’ ಎಂದು ಬೆಲ್ಟ್ ಹಾಕದೆ ಕೂರುವವರು ಈ ಲೆಕ್ಕ ನೋಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗುದ್ದುವುದೂ ಸುಮಾರು 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕನೇ ಮಹಡಿಯಿಂದ ಬೀಳುವುದೂ ಒಂದೇ. ಹಿಂದಿನ ಸೀಟಿನವರಿಗೂ ಇದೇ ಲೆಕ್ಕ. ಬೆಲ್ಟ್ ಇಲ್ಲದೆ ಕೂತವರು ಮುಂದೆ ಕೂತ ಅಪ್ಪ-ಅಮ್ಮನ ಮೇಲೇ ಅಪ್ಪಳಿಸುತ್ತಾರೆ. ಕಾನೂನಿನಲ್ಲೂ ಹಿಂದಿನವರಿಗೆ ಬೆಲ್ಟ್ ಕಡ್ಡಾಯ, ತಪ್ಪಿದರೆ ದಂಡ 1,000 ರೂಪಾಯಿ. ಬೀಪ್ ಸದ್ದು ನಿಲ್ಲಿಸಲು ಸಿಕ್ಕಿಸುವ ನಕಲಿ ಕ್ಲಿಪ್‌ಗಳನ್ನು ಮಾರಾಟದಿಂದ ತೆಗೆಯುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಆನ್‌ಲೈನ್ ಕಂಪನಿಗಳಿಗೆ ಆದೇಶಿಸಿದೆ. ನಿಮ್ಮ ಗಾಡಿಯಲ್ಲಿ ಅಂಥದ್ದಿದ್ದರೆ ಇವತ್ತೇ ಕಿತ್ತು ಬಿಸಾಡಿ.