ಅತಿಥಿಯ ಅಂಕವೂ ಆತಿಥೇಯನ ಮಾನವೂ

ಕೊಡಗಿನ ಕಾಫಿ ತೋಟದ ನಡುವೆ ತನ್ನ ವಾಸದ ಮನೆಯ ಒಂದೆರಡು ಕೋಣೆಗಳನ್ನು ಹೋಂಸ್ಟೇಯಾಗಿ ತೆರೆದಿಟ್ಟ ಗೃಹಸ್ಥನಿಗೆ, ಆಷಾಢದ ಮಳೆ ಬಿಡದೆ ಸುರಿದದ್ದಕ್ಕೂ, ಮರ ಬಿದ್ದು ವಿದ್ಯುತ್ತು ಕಡಿದುದಕ್ಕೂ, ತೋಟದಲ್ಲಿ ಜಿಗಣೆ ಹತ್ತಿದುದಕ್ಕೂ ಒಂದೇ ನಕ್ಷತ್ರವನ್ನಿತ್ತು ಹೊರಟುಹೋಗುವ ಅತಿಥಿಯ ತೀರ್ಪು ಕೇವಲ ಮನೋವ್ಯಥೆಯಲ್ಲ, ಜೀವನೋಪಾಯಕ್ಕೆ ಒದಗಿದ ಆಘಾತ. ಕೋಣೆ ಕಾದಿರಿಸುವ ಆನ್‌ಲೈನ್ ಸಂಸ್ಥೆಯಾದ ಏರ್‌ಬಿಎನ್‌ಬಿಯಲ್ಲಿ ಉತ್ತಮ ಆತಿಥೇಯರಿಗೆ ಸಲ್ಲುವ ‘ಸೂಪರ್‌ಹೋಸ್ಟ್’ ಪದವಿಗೆ ಸರಾಸರಿ 4.8 ಅಂಕ ಬೇಕು. ಒಂಬತ್ತು ಮಂದಿ ಐದೈದು ನಕ್ಷತ್ರಗಳನ್ನಿತ್ತು ಹತ್ತನೆಯವನೊಬ್ಬನು ಒಂದನ್ನಿತ್ತರೆ ಸರಾಸರಿ 4.6ಕ್ಕೆ ಕುಸಿಯುತ್ತದೆ. ಒಂಬತ್ತು ಜನರ ಸಂತೋಷವನ್ನು ಒಬ್ಬನ ಮುನಿಸು ನುಂಗಿಬಿಡುವ ಈ ಗಣಿತವನ್ನು ನ್ಯಾಯವೆಂದು ನಾನು ಒಪ್ಪಲಾರೆ.

ಕೊಳಕು ಹಾಸಿಗೆಯನ್ನು ಕೊಳಕೆಂದು ಬರೆಯುವ ಅಧಿಕಾರ ಅತಿಥಿಗೆ ನಿಸ್ಸಂದೇಹವಾಗಿ ಉಂಟು. ಅದನ್ನು ಮೊಟಕುಗೊಳಿಸುವುದು ನನ್ನ ಉದ್ದೇಶವಲ್ಲ. ಆದರೆ ಹಣ ಹಿಂದಿರುಗಿಸದಿದ್ದರೆ ಕೆಟ್ಟದಾಗಿ ಬರೆಯುವೆನೆಂದು ಬೆದರಿಸುವುದು ಸುಲಿಗೆಯೇ ಹೊರತು ವಿಮರ್ಶೆಯಲ್ಲ, ಅದಕ್ಕೆ ಏರ್‌ಬಿಎನ್‌ಬಿ ಸಂಸ್ಥೆಯ ನಿಯಮದಲ್ಲಿಯೂ ನಿಷೇಧವಿದೆ. ಆದಕಾರಣ ಆತಿಥೇಯನು ಮಾತುಕತೆಯನ್ನೆಲ್ಲ ದೂರವಾಣಿಗೆ ಬಿಡದೆ, ಸಂಸ್ಥೆಯ ಸಂದೇಶಪೆಟ್ಟಿಗೆಯಲ್ಲಿಯೇ ನಡೆಸಿ ಸಾಕ್ಷ್ಯವನ್ನು ಉಳಿಸಿಕೊಳ್ಳಬೇಕು. ಬಹಿರಂಗ ಉತ್ತರವನ್ನು ಮುನಿದವನಿಗಾಗಿ ಬರೆಯದೆ, ನಾಳೆ ಕೋಣೆ ಹುಡುಕುತ್ತ ಬರುವ ಅಪರಿಚಿತನಿಗಾಗಿ ನಾಲ್ಕು ಶಾಂತ ವಾಕ್ಯಗಳಲ್ಲಿ ಬರೆಯಬೇಕು.

ಆತಿಥೇಯನ ಈ ಎಚ್ಚರವೊಂದರಿಂದಲೇ ಹೊಣೆ ತೀರದು, ಸರ್ಕಾರಕ್ಕೂ ಅದರಲ್ಲಿ ಪಾಲಿದೆ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಗ್ರಾಹಕರ ಆನ್‌ಲೈನ್ ವಿಮರ್ಶೆಗಳಿಗಾಗಿ ಐಎಸ್ 19000 ಎಂಬ ಮಾನಕವನ್ನು ಪ್ರಕಟಿಸಿತಾದರೂ ಅದರ ಪಾಲನೆ ಐಚ್ಛಿಕವಾಗಿಯೇ ಜಾರಿಗೆ ಬಂದಿತು. ಸರ್ಕಾರವು ಅದನ್ನು ಕಡ್ಡಾಯಗೊಳಿಸಿ, ಅನ್ಯಾಯದ ವಿಮರ್ಶೆಯ ಕುರಿತು ಆತಿಥೇಯನಿತ್ತ ದೂರನ್ನು ತಳ್ಳಿಹಾಕುವ ಸಂಸ್ಥೆಯು ಕಾರಣವನ್ನು ಅವನು ಬಲ್ಲ ಭಾಷೆಯಲ್ಲಿ, ಲಿಖಿತವಾಗಿ ತಿಳಿಸುವಂತೆ ವಿಧಿಸಬೇಕು.