ಕನ್ಸೆಷನ್ ಬೇರೆ, ರಿಸರ್ವೇಶನ್ ಬೇರೆ



"ನಿಮಗೇನ್ರೀ, ಎಲ್ಲದಕ್ಕೂ ಕನ್ಸೆಷನ್ ಐತಲ್ಲ!" ಆಫೀಸಲ್ಲಿ, ಟೀ ಅಂಗಡೀಲಿ ಈ ಮಾತು ಕೇಳದ ನಮ್ಮವರು ಯಾರಿದ್ದಾರೆ? ಅದಕ್ಕಿಂತ ಬೇಜಾರು ಅಂದ್ರೆ, ನಮ್ಮ ಹುಡುಗರೂ "ಕನ್ಸೆಷನಲ್ಲಿ ಕೆಲಸ ಸಿಕ್ತು" ಅನ್ನೋಕೆ ಶುರು ಮಾಡಿದ್ದಾರೆ. ಈ ಎರಡು ಇಂಗ್ಲಿಷ್ ಪದ ಒಂದೇ ಅಲ್ಲ ಕಣ್ರಪ್ಪಾ.

ರೈಲನ್ನೇ ತಗೊಳ್ಳಿ. ಹಿರಿಯ ನಾಗರಿಕರಿಗೆ ಟಿಕೆಟಲ್ಲಿ ಕನ್ಸೆಷನ್ ಇತ್ತು. 2020ರ ಮಾರ್ಚಲ್ಲಿ ರೈಲ್ವೆ ಇಲಾಖೆ ಒಂದು ಆದೇಶದಲ್ಲಿ ನಿಲ್ಲಿಸಿಬಿಡ್ತು. ಕೊಟ್ಟೋನೇ ಕಿತ್ಕೊಂಡ. ಅದೇ ರೈಲಲ್ಲಿ ರಿಸರ್ವೇಶನ್ ಆದ ಬರ್ತಲ್ಲಿ ಬೇರೆಯವರು ಕೂತಿದ್ರೆ? "ಏಳ್ರಿ, ಇದು ನಂದು" ಅಂತೀವಿ. ಕೈ ಮುಗಿದು ಕೇಳಲ್ಲ. ಕನ್ಸೆಷನ್ ಕೊಡೋನ ಮರ್ಜಿ, ರಿಸರ್ವೇಶನ್ ನಮ್ಮ ಹಕ್ಕು.

ನೌಕರೀಲೂ ಹಂಗೇ. ಅರ್ಜಿ ಶುಲ್ಕ ಕಡಿಮೆ, ವಯಸ್ಸಲ್ಲಿ 5 ವರ್ಷ ಸಡಿಲಿಕೆ, ಇವು ಕನ್ಸೆಷನ್. ಹುದ್ದೇಲಿ ಪಾಲು ರಿಸರ್ವೇಶನ್. ಸಂವಿಧಾನದ 16(4)ನೇ ವಿಧಿ ಬಡತನದ ಮಾತೇ ಆಡಲ್ಲ, ಸರ್ಕಾರಿ ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯ ಇಲ್ಲದವರ ಮಾತಾಡುತ್ತೆ. 1918ರಲ್ಲಿ ಮೈಸೂರು ಸಂಸ್ಥಾನ ಮಿಲ್ಲರ್ ಸಮಿತಿ ನೇಮಿಸಿದ್ದೂ ಇದಕ್ಕೇ. ನೌಕರಿಯ ಬಹುಪಾಲು ಒಂದೇ ಜಾತಿಯವರ ಕೈಲಿತ್ತು.

ನಮ್ಮ ಚನ್ನಗಿರಿ ಕಡೆ ಅಣ್ಣ ತಮ್ಮ ಅಡಿಕೆ ತೋಟ ಭಾಗ ಮಾಡ್ಕೊಂಡ್ರೆ, "ತಮ್ಮನಿಗೆ ಕನ್ಸೆಷನ್ ಕೊಟ್ಟೆ" ಅಂತ ಅಣ್ಣ ಹೇಳ್ತಾನಾ? ಹೇಳಿದ್ರೆ ತಮ್ಮ ಸುಮ್ಮನಿರ್ತಾನಾ? ಪಾಲಿಗೆ ಪಾಲು ಅಂತಲೇ ಹೆಸರು. ಆ ತೋಟದಲ್ಲಿ ಗುಣಿ ತೋಡಿದ, ಗೊನೆ ಹೊತ್ತ ನಮ್ಮ ಜನ ನೌಕರೀಲಿ ಪಾಲು ಕೇಳಿದ್ರೆ ಮಾತ್ರ ಅದು ಕನ್ಸೆಷನ್ನು!

ತಮಾಷೆ ನೋಡಿ. 2019ರಲ್ಲಿ ಕೇಂದ್ರ ಸರ್ಕಾರ ಮೇಲ್ಜಾತಿ ಬಡವರಿಗೆ ಅಂತ ಶೇ. 10 ಮೀಸಲಾತಿ ತಂತು. ಆದಾಯ ಮಿತಿ ವರ್ಷಕ್ಕೆ 8 ಲಕ್ಷ. ನಮ್ಮ ಮಕ್ಕಳ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ಪಿಗೆ ಕೇಂದ್ರ ಇಟ್ಟಿರೋ ಮಿತಿ ಎರಡೂವರೆ ಲಕ್ಷ. ಆ ಶೇ. 10ನ್ನ ಯಾರಾದ್ರೂ ಕನ್ಸೆಷನ್ ಅಂದಿದ್ದು ಕೇಳಿದ್ದೀರಾ? ಮೆರಿಟ್ ಹಾಳಾಯ್ತು ಅಂತ ಅತ್ತಿದ್ದು?

ಇದು ಬರೀ ಪದದ ಜಗಳ ಅಲ್ಲ. ಬ್ಯಾಕ್‌ಲಾಗ್ ಹುದ್ದೆ ವರ್ಷಗಟ್ಟಲೆ ಖಾಲಿ ಬಿದ್ದಾಗ ಅದನ್ನ ಕನ್ಸೆಷನ್ ಅಂದ್ಕೊಂಡೋನು "ಕೊಟ್ಟಾಗ ಕೊಡ್ತಾರೆ ಬಿಡು" ಅಂತ ಕೂರ್ತಾನೆ. ಪಾಲು ಅಂತ ತಿಳಿದೋನು "ನನ್ನ ಪಾಲು ಯಾರು ತಿಂದ್ರಿ?" ಅಂತ ಲೆಕ್ಕ ಕೇಳ್ತಾನೆ. ಅವರಿಗೆ ಮೊದಲನೆಯವನೇ ಇಷ್ಟ. ಅದಕ್ಕೇ ಈ ಪದ ನಮ್ಮ ಬಾಯಿಗೆ ಹಾಕ್ತಿದ್ದಾರೆ.

ನಾಳೆಯಿಂದ ಯಾರಾದ್ರೂ "ನಿಮಗೆ ಕನ್ಸೆಷನ್" ಅಂದ್ರೆ ಅಲ್ಲೇ ತಿದ್ದಿ. ಜಗಳ ಬೇಡ. "ಕನ್ಸೆಷನ್ ಅಲ್ಲ ಸಾರ್, ಪಾಲು" ಅನ್ನಿ, ಸಾಕು. ಮನೇಲಿ ಮಕ್ಕಳಿಗೂ ಹೇಳಿಕೊಡಿ.

ಜೈ ಭೀಮ್.